ಸ್ಕೈವಾಕಿಗೆ ಕೌದಿ ಹೊದಿಸಿದ ಮಳೆಗಾಲ

ಅಜ್ಜಿ ತನ್ನ ಅವ್ವನ ಕೌದಿಯನ್ನು ಟ್ರಂಕಿನಿಂದ ಹೊರಗೆ ತೆಗೆದದ್ದು ಜೂನ್ ತಿಂಗಳ ಒಂದು ಭಾನುವಾರ. ಆ ದಿನದ ಡೈರಿಯಲ್ಲಿ ನಾನು ಬರೆದುಕೊಂಡದ್ದು ಎರಡೇ ಸಾಲು: ಮೂರನೇ ಕೌದಿಯನ್ನೂ ಕೊಟ್ಟಾಯಿತು. ಅಕ್ಕನಿಗೆ ಕೋಪ.

ಆಗ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಐದು ಜನ ಇದ್ದೆವು. ಅಪ್ಪ, ಅಮ್ಮ, ಅಮ್ಮನ ತಾಯಿಯಾದ ಅಜ್ಜಿ, ಎಂ.ಕಾಂ. ಓದುತ್ತಿದ್ದ ನಾನು, ಮತ್ತು ಚೊಚ್ಚಲ ಹೆರಿಗೆಗೆಂದು ಮಲ್ಲೇಶ್ವರದ ಗಂಡನ ಮನೆಯಿಂದ ಬಂದಿದ್ದ ನನ್ನ ಅಕ್ಕ. ಕಾವೇರಿ ನೀರು ಬಂದ ದಿನ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಬಸ್ಸಿಗೆ ಕಾದ ಹೊತ್ತು ಇವನ್ನೆಲ್ಲ ಬರೆದಿಡುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ಮನೆಯವರು ಇದನ್ನು ಒಂದು ಸಣ್ಣ ಕಾಯಿಲೆ ಎಂದೇ ತಿಳಿದಿದ್ದರು. ಕೌದಿಗಳ ಕೆಲಸಕ್ಕೆ ನನ್ನನ್ನು ಸೇರಿಸಿಕೊಂಡದ್ದು ಮಾತ್ರ ಈ ಅಭ್ಯಾಸದಿಂದಾಗಿಯೇ.

ನಮ್ಮ ಬೀದಿ ಮುಗಿಯುವಲ್ಲಿ ಮುಖ್ಯರಸ್ತೆ ದಾಟಲು ಒಂದು ಸ್ಕೈವಾಕ್ ಇದೆ. ಮೇಲೆ ತಗಡಿನ ಮಾಡು, ಎರಡೂ ಕಡೆ ಕಬ್ಬಿಣದ ಸರಳುಗಳು, ಮೆಟ್ಟಿಲಿನ ಮೂಲೆಗಳಲ್ಲಿ ಎಲೆಅಡಿಕೆ ಉಗಿದ ಕಲೆ. ಅದನ್ನು ಹತ್ತಿ ಇಳಿಯುವವರಿಗಿಂತ ಕೆಳಗೆ ವಾಹನಗಳಿಗೆ ಕೈ ತೋರಿಸಿಕೊಂಡು ಓಡುವವರೇ ಹೆಚ್ಚು. ಹನುಮಂತನಗರದ ಒಬ್ಬ ಕಲಾವಿದೆ, ಇನ್ನೂ ಮೂವತ್ತು ದಾಟಿರದವರು, ಆ ಸೇತುವೆಗೆ ಉದ್ದಕ್ಕೂ ಕೌದಿ ಹೊದಿಸಲು ಅನುಮತಿ ಪಡೆದಿದ್ದರು. ಕೌದಿಗಳು ಮನೆಮನೆಯಿಂದ ಬರಬೇಕು. ಪೂರ್ತಿ ಕೊಟ್ಟುಬಿಡುವವರದ್ದು ಆಮೇಲೆ ನಿರಾಶ್ರಿತರ ತಂಗುದಾಣಕ್ಕೆ ಹೋಗುತ್ತದೆ. ವಾಪಸ್ ಬೇಕು ಎಂದವರಿಗೆ ಗೌರಿ ಹಬ್ಬದೊಳಗೆ ವಾಪಸ್. ಯಾರು ಯಾವುದನ್ನು ಕೊಟ್ಟರು, ಯಾರಿಗೆ ವಾಪಸ್ ಬೇಕು ಎಂದು ಬರೆದಿಡುವ ಕೆಲಸ ನನಗೆ ಬಂತು.

ಬಿನ್ನಿಪೇಟೆಯ ಹಳೆಯ ಗಿರಣಿ ಕಾರ್ಮಿಕರ ಮನೆಗಳಿಂದ ಹೆಚ್ಚು ಕೌದಿಗಳು ಬಂದವು. ಅಜ್ಜಿಯ ಅಪ್ಪನೂ ಹಾವೇರಿ ಕಡೆಯಿಂದ ಗಿರಣಿ ಕೆಲಸಕ್ಕೆಂದೇ ಬಂದವರು. ಒಂದೇ ಕೋಣೆಯ ಮನೆಯಲ್ಲಿ ಅವರ ಹೆಂಡತಿ, ಎಂದರೆ ಅಜ್ಜಿಯ ಅವ್ವ, ಹಳೆ ಸೀರೆ, ಪಂಚೆ, ಗಿರಣಿಯ ತುಂಡುಬಟ್ಟೆ ಎಲ್ಲ ಸೇರಿಸಿ ಕೌದಿ ಹೊಲಿಯುತ್ತಿದ್ದಳಂತೆ. ಅಜ್ಜಿಯೂ ಅವಳಿಂದಲೇ ಕಲಿತವಳು. ಅಜ್ಜಿ ಹೊಲಿದ ಹತ್ತಾರು ಕೌದಿಗಳು ನೆಂಟರ ಮನೆಗಳಲ್ಲಿ ಹಾಸಿಗೆಯ ಕೆಳಗೋ ಇಸ್ತ್ರಿ ಮೇಜಿನ ಮೇಲೋ ಬಿದ್ದಿವೆ. ಅವ್ವನದ್ದೆಂದು ಉಳಿದದ್ದು ಇದೊಂದೇ. ಅಜ್ಜಿಯ ಮೊದಲ ಬಾಣಂತನಕ್ಕೆ ಹೊಲಿದು ಕೊಟ್ಟದ್ದು. ಆಮೇಲೆ ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವನ್ನೂ ಆಸ್ಪತ್ರೆಯಿಂದ ತಂದ ದಿನ ಮೊದಲು ಮಲಗಿಸಿದ್ದು ಅದರ ಮೇಲೆಯೇ. ಮಾವ, ಅಮ್ಮ, ಚಿಕ್ಕಮ್ಮ, ಅವರ ಮಕ್ಕಳು, ಅಕ್ಕ, ನಾನು. ಒಟ್ಟು ಒಂಬತ್ತು ಜನ. ಹತ್ತನೆಯದು ಅಕ್ಕನ ಹೊಟ್ಟೆಯಲ್ಲಿತ್ತು. ಸೆಪ್ಟೆಂಬರ್ ಕೊನೆಗೆ ಹೆರಿಗೆ ಎಂದಿದ್ದರು.

ಕೌದಿಯ ಬಗ್ಗೆ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ಹೊಲಿಗೆ ಮುಗಿಯುವ ಹೊತ್ತಿಗೆ ಕೊನೆಯ ಮೂಲೆಯೊಂದನ್ನು ತೆರೆದೇ ಇಟ್ಟು, ಅದರೊಳಗೆ ಒಂದು ಚಿಟಿಕೆ ಕಾಳು ಹಾಕಿ ಮುಚ್ಚುತ್ತಾರೆ. ಅದು ಕೌದಿಯ ಹೊಟ್ಟೆ. ಹೊಟ್ಟೆ ಖಾಲಿ ಇರುವ ಕೌದಿಯನ್ನು ಯಾರಿಗೂ ಹೊದಿಸುವುದಿಲ್ಲ. ಹೊಟ್ಟೆ ತುಂಬುವ ಕೈಯೂ ಹೊಲಿದವರದ್ದೇ ಆಗಬೇಕು, ಬೇರೆಯವರದ್ದು ಆಗಬಾರದು. ಅಜ್ಜಿ ಇದನ್ನು ಉಪ್ಪಿನಕಾಯಿ ಹಾಕುವ ವಿಧಾನ ಹೇಳಿದಷ್ಟೇ ಸಾಮಾನ್ಯವಾಗಿ ಹೇಳುತ್ತಿದ್ದಳು.

ತಾನು ಹೊಲಿದ ಎರಡು ಕೌದಿಗಳನ್ನು ಮೊದಲೇ ಕೊಟ್ಟಿದ್ದವಳು, ಮೂರನೆಯದಾಗಿ ಅವ್ವನದ್ದನ್ನೂ ತೆಗೆದಾಗ ಅಕ್ಕ ಅಡ್ಡ ಬಂದಳು.

"ಅಜ್ಜಿ, ಇದು ನನ್ನ ಮಗುದು. ಇದನ್ನ ಯಾಕೆ ರೋಡಲ್ಲಿ ಹಾಕ್ತೀಯಾ?"

"ಮಗು ಬರೋಕೆ ಇನ್ನೂ ಮೂರು ತಿಂಗಳಿದೆ ಕಣೇ. ಅಷ್ಟರಲ್ಲಿ ಇದು ಬಂದಿರುತ್ತೆ."

"ಏನಾದ್ರೂ ಆದ್ರೆ?"

"ಅರವತ್ತು ವರ್ಷ ಟ್ರಂಕಲ್ಲಿ ಕೂತಿದೆ. ನಮ್ಮವ್ವ ಹೊಲಿದದ್ದನ್ನ ಮನೆಯೋರು ಬಿಟ್ರೆ ಒಬ್ರು ನೋಡಿಲ್ಲ. ಒಂದೆರಡು ತಿಂಗಳು ಊರು ನೋಡ್ಲಿ ಬಿಡು."

ಅಕ್ಕ ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳೇ. ವಾಪಸ್ ಕೊಡ್ತಾರಂತಾ?"

ನಾನು ಕಲಾವಿದೆ ಹೇಳಿದ್ದನ್ನೇ ಹೇಳಿದೆ. ಗೌರಿ ಹಬ್ಬದೊಳಗೆ. ಅಜ್ಜಿ ಕೌದಿಯನ್ನು ಮಡಚಿ, ಮೇಲೆ ಕೈಯಾಡಿಸಿ, ನನ್ನ ತೋಳಿಗೆ ಹಾಕಿದಳು.

ಕೌದಿಗಳೆಲ್ಲವನ್ನೂ ಚಿಕ್ಕಪೇಟೆಯಿಂದ ತಂದ ಕೋರಾ ಬಟ್ಟೆಯ ಉದ್ದನೆಯ ಪಟ್ಟಿಗಳಿಗೆ ಟಾಕು ಹಾಕಿ, ಸರಳುಗಳ ಹೊರಗೆ ಕಟ್ಟಿದರು. ಬಣ್ಣದ ಮೈ ರಸ್ತೆಯ ಕಡೆಗೆ. ಸ್ಕೈವಾಕಿನ ಮೇಲೆ ನಡೆಯುವವರಿಗೆ ಕಾಣುವುದು ಕೋರಾ ಬಟ್ಟೆಯ ಬೆನ್ನು ಮಾತ್ರ. ಕೌದಿ ನೋಡಬೇಕಾದರೆ ಕೆಳಗೆ ಬಸ್ ಸ್ಟಾಪಿನಲ್ಲಿ ನಿಂತು ಕತ್ತೆತ್ತಬೇಕು. ಅಜ್ಜಿಯ ಅವ್ವನ ಕೌದಿ ದೀಪದ ಕಂಬದ ಪಕ್ಕದಲ್ಲೇ ಇತ್ತು. ಸಂಜೆ ದೀಪ ಹತ್ತಿದಾಗ ಅದರ ಮಾಸಿದ ಹಸಿರು, ಕೆಂಪು ಎರಡೂ ತಿಳಿಯುತ್ತಿದ್ದವು.

ಅಜ್ಜಿ ದಿನವೂ ಸಂಜೆ ಅಲ್ಲಿಗೆ ಹೋಗತೊಡಗಿದಳು. ಸೊಪ್ಪು ತರುವ ನೆಪ. ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರ ಪಕ್ಕ ನಿಂತು, ತನಗೇನೂ ಸಂಬಂಧವಿಲ್ಲದಂತೆ, "ಆ ಕಂಬದ ಪಕ್ಕದ್ದು ಯಾರದ್ದೋ, ಚೆನ್ನಾಗಿದೆ ಅಲ್ವಾ?" ಎಂದು ಕೇಳುತ್ತಿದ್ದಳು. ಕೆಲವರು ಹೌದು ಎನ್ನುತ್ತಿದ್ದರು. ಕೆಲವರು ಅವಳ ಕಡೆ ನೋಡದೆ ಬಸ್ ಹತ್ತುತ್ತಿದ್ದರು. ಒಬ್ಬ ಕಂಡಕ್ಟರ್ ಮಾತ್ರ, ಜನ ಫೋಟೊ ತೆಗೆದುಕೊಳ್ಳಲೆಂದು, ಸೀಟಿ ಊದುವುದನ್ನು ಒಂದಿಷ್ಟು ಹೊತ್ತು ತಡೆದದ್ದನ್ನು ನಾನೇ ಕಂಡೆ.

ಮೊದಲ ಶನಿವಾರ ನಾನೂ ಜೊತೆಗೆ ನಿಂತು ಲೆಕ್ಕ ಹಾಕಿದೆ. ನಿಂತು ನೋಡಿದವರು ನಲವತ್ತೊಂದು. ಹೊಗಳಿದವರು ಹದಿನಾರು, ತೆಗಳಿದವರು ಹದಿಮೂರು, ಉಳಿದವರದ್ದು ಗೊತ್ತಾಗಲಿಲ್ಲ.

ಕಾಲೇಜು ಹುಡುಗರಿಬ್ಬರು ಬಂದರು. "ಏನ್ ಮಗಾ ಇದು, ಯಾರೋ ಒಗ್ದು ಒಣಗಾಕವ್ರೆ?"

"ಆರ್ಟ್ ಗುರು, ಆರ್ಟು. ಸುಮ್ನೆ ಫೋಟೊ ತೆಗಿ."

ಬಿಳಿ ಪಂಚೆಯ ಹಿರಿಯರೊಬ್ಬರು ಯಾರಿಗೆಂದಿಲ್ಲದೆ ಗಟ್ಟಿಯಾಗಿ ಹೇಳಿದರು: "ಈ ಮಳೇಲಿ ಫುಟ್‌ಪಾತ್ ಮೇಲೆ ಮಲಗೋರು ಎಷ್ಟು ಜನ ಇದಾರೆ. ಕಬ್ಬಿಣಕ್ಕೆ ಚಳಿ ಆಗುತ್ತೇನ್ರೀ?"

ಅಜ್ಜಿ ನನ್ನ ಕಿವಿಯಲ್ಲಿ, "ಅವರು ಹೇಳೋದೂ ಸರೀನೇ," ಎಂದಳು. ಅದನ್ನು ನಾನು ತೆಗಳಿದವರ ಲೆಕ್ಕಕ್ಕೆ ಹಾಕಿದೆ, ಸ್ವಲ್ಪ ಅನುಮಾನದಿಂದಲೇ.

ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಮುಖ ಸಿಂಡರಿಸಿದಳು. "ಇದ್ರಲ್ಲಿ ಎಲ್ಲ ಸತ್ತೋರ ಸೀರೆ ಇರುತ್ತೆ. ಇದರ ಕೆಳಗೆ ಮಕ್ಕಳನ್ನ ಕರ್ಕೊಂಡು ಓಡಾಡ್ಬೇಕಾ?"

ಇದಕ್ಕೆ ಅಜ್ಜಿ ಸುಮ್ಮನಿರಲಿಲ್ಲ. "ಸತ್ತೋರ ಸೀರೆನೇ ಇರ್ಬೇಕಮ್ಮಾ. ಬದುಕಿರೋರು ಉಟ್ಕೊಂಡಿರ್ತಾರಲ್ಲ."

ತರಕಾರಿ ಗಾಡಿಯ ಹೆಂಗಸು ಬಿದ್ದು ಬಿದ್ದು ನಕ್ಕಳು. ಅವಳ ದೂರು ಬೇರೆ ತರಹದ್ದು. "ಎಲ್ಲಾ ಕತ್ತೆತ್ಕೊಂಡೇ ನಿಂತವ್ರೆ ಅಜ್ಜಿ. ಕೆಳಗಿರೋ ನನ್ನ ಸೊಪ್ಪು ಯಾರ್ ನೋಡ್ತಾರೆ ಹೇಳಿ!"

ಇಷ್ಟರವರೆಗೂ ಎಲ್ಲವೂ ಚೆನ್ನಾಗಿಯೇ ಇತ್ತು. ತೆಗಳಿದವರೂ ನೋಡಿಯೇ ತೆಗಳುತ್ತಿದ್ದರು. ಅಜ್ಜಿಗೆ ಬೇಕಾದದ್ದೂ ಅಷ್ಟೇ. ಮನೆಗೆ ಬಂದು ಅಕ್ಕನ ಕಾಲಿಗೆ ಎಣ್ಣೆ ಹಚ್ಚುತ್ತ ಅಂದಿನ ಮಾತುಗಳನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದಳು. ಅಕ್ಕ ನಗುತ್ತಿದ್ದಳು, ನಕ್ಕ ಮೇಲೆ, "ಎಲ್ಲ ಸರಿ, ವಾಪಸ್ ಯಾವತ್ತು?" ಎನ್ನುತ್ತಿದ್ದಳು.

ಜುಲೈ ಕೊನೆಗೆ ಇಲಿಗಳು ಬಂದವು. ಕಲಾವಿದೆಗೆ ಕೌದಿಯ ಹೊಟ್ಟೆಯ ವಿಷಯ ಗೊತ್ತಿರಲಿಲ್ಲ. ಕೊಟ್ಟ ಹೆಂಗಸರಿಗೆ ಅದು ಹೇಳಬೇಕಾದ ಸಂಗತಿ ಅನ್ನಿಸಿರಲಿಲ್ಲ. ಮಳೆಯ ಎರಚಲಿಗೆ ಮೂಲೆಗಳು ನೆನೆದು, ಒಳಗಿನ ರಾಗಿ, ಅಕ್ಕಿ ಉಬ್ಬಿ ವಾಸನೆ ಬಿಟ್ಟಿರಬೇಕು. ಚರಂಡಿಯಿಂದ ಹತ್ತಿದ ಇಲಿಗಳು ಸರಳುಗಳ ಮೇಲೆ ಓಡಾಡಿ ಮೂಲೆಗಳನ್ನು ಕಡಿದವು. ಹಗಲಿನಲ್ಲಿ ಅಳಿಲುಗಳು ಬಂದವು. ಮೇಲೆ ನಡೆಯುತ್ತಿದ್ದ ಹುಡುಗಿಯೊಬ್ಬಳ ಕಾಲ ಮೇಲೆ ಇಲಿ ಹಾರಿದ್ದೇ ತಡ, ದೂರು ಹೋಯಿತು. ಅನುಮತಿ ಕೊಟ್ಟವರು ಬಂದು, ಒಂದೋ ಒಳಗಿನ ಕಾಳು ತೆಗೆಸಿ, ಇಲ್ಲ ಎಲ್ಲವನ್ನೂ ಇಳಿಸಿ ಎಂದರು.

ಕಲಾವಿದೆ ನಮ್ಮ ಮನೆಗೆ ಬಂದರು. ನಡುಮನೆಯಲ್ಲಿ ಕಾಫಿ ಲೋಟ ಹಿಡಿದುಕೊಂಡು, ಕುಡಿಯದೆ ಕೂತರು.

"ಅಜ್ಜಿ, ಯಾವ ಮೂಲೇಲಿ ಇರುತ್ತೆ ಅಂತ ನಂಗೆ ಗೊತ್ತಾಗಲ್ಲ. ನಾನು ಕತ್ತರಿ ಹಾಕಿದ್ರೆ ಹಾಳಾಗುತ್ತೆ. ನೀವು ಬಂದು ಬಿಚ್ಚಿಕೊಡ್ತೀರಾ?"

ಅಜ್ಜಿ ಅವರ ಕೈಯಿಂದ ಲೋಟ ತೆಗೆದು ಕೆಳಗಿಟ್ಟಳು. ಆಮೇಲೆ, "ಕೊಟ್ಟೋರನ್ನ ಕೇಳಿ. ಬೇಡ ಅಂದೋರು ತಗೊಂಡು ಹೋಗ್ಲಿ. ಸರಿ ಅಂದೋರದ್ದು ಬಿಚ್ತೀನಿ," ಎಂದಳು.

ಒಳಗಿನಿಂದ ಅಕ್ಕನ ದನಿ ಬಂತು. "ಮೊದ್ಲು ನಮ್ದು ತಗೊಂಡ್ ಬಾ ಅಜ್ಜಿ!"

"ನನ್ನದು ಗಂಟು ಕಟ್ಕೊಂಡು ಬಂದು ಬೇರೆಯೋರ ಕೌದಿ ಹೊಟ್ಟೆ ಬಿಚ್ಚೋದಾ? ಯಾವ ಮುಖ ಇಟ್ಕೊಂಡು? ನಮ್ದನ್ನ ಇಲಿ ಮುಟ್ಟಿಲ್ಲ. ಅದು ಅಲ್ಲೇ ಇರ್ಲಿ. ಅದನ್ನ ಬಿಚ್ಚಲ್ಲ, ಅಷ್ಟೇ."

ಕಲಾವಿದೆ ಒಪ್ಪಿದರು. ಎರಡು ದಿನ ನಾನು ಎಲ್ಲರಿಗೂ ಫೋನ್ ಮಾಡಿದೆ. ಹೆಚ್ಚಿನವರು ಅಯ್ಯೋ ತೆಗೀರಿ ಎಂದರು. ಆರು ಹೆಂಗಸರು ಬಂದು ಜಗಳವಾಡಿ ತಮ್ಮವನ್ನು ಬಿಚ್ಚಿಕೊಂಡು ಹೋದರು. ಅವರಲ್ಲೊಬ್ಬಳು, ಮಾರ್ಕೆಟ್ಟಿನಲ್ಲಿ ಹೂವು ಮಾರುವವಳು, ಕಲಾವಿದೆಯ ಮುಖಕ್ಕೇ ಹೇಳಿದಳು: "ನಮ್ಮತ್ತೆ ಕೈಯ ಕಾಳು ಮೇಡಂ ಅದು. ನಿಮ್ಮ ಶೋಗೆ ಅದು ಅಡ್ಡಿಯಾಯ್ತಾ? ಮೊದ್ಲೇ ಹೇಳಿದ್ರೆ ಕೊಡ್ತಾನೇ ಇರ್ಲಿಲ್ಲ." ಕಲಾವಿದೆ ತಲೆ ತಗ್ಗಿಸಿಕೊಂಡು ಅವಳ ಕೌದಿಯ ದಾರಗಳನ್ನು ತಾವೇ ಬಿಚ್ಚಿಕೊಟ್ಟರು.

ಆರು ಕೌದಿ ಹೋದ ಮೇಲೆ ಸಾಲಿನಲ್ಲಿ ಹಲ್ಲು ಬಿದ್ದಂತೆ ಸಂದಿಗಳಾದವು. ಗುರುವಾರ ಸಂಜೆ ಕಲಾವಿದೆ ಇಬ್ಬರು ಸಹಾಯಕರನ್ನು ಕರೆದುಕೊಂಡು ಉಳಿದವನ್ನು ಒತ್ತೊತ್ತಾಗಿ ಸರಿಸಿ ಕಟ್ಟಿದರು. ರಸ್ತೆಯಿಂದ ನೋಡುವವರಿಗೆ ಚೆಂದ ಕಾಣಲಿ ಎಂದು. ಸರಿಸಿದ್ದನ್ನು ನಮಗೆ ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಕೇಳಬೇಕೆಂದು ನಮಗೂ ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಅಜ್ಜಿ, ನಾನು, ಬಿನ್ನಿಪೇಟೆಯಿಂದ ಬಂದ ಇಬ್ಬರು ಹೆಂಗಸರು, ಕಲಾವಿದೆ ಐವರೂ ನಮ್ಮ ಬೀದಿಯ ಕಡೆಯ ಮೆಟ್ಟಿಲಿನಿಂದ ನೇರವಾಗಿ ಮೇಲೆ ಹತ್ತಿದೆವು. ಕೆಳಗೆ ಬಸ್ ಸ್ಟಾಪಿಗೆ ಹೋಗಿ ನೋಡಲಿಲ್ಲ. ಅಜ್ಜಿ ದೀಪದ ಕಂಬದ ಬಳಿ ನಿಂತು ಕೋರಾ ಬಟ್ಟೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಹೇಳಿದಳು: "ಇದು ನಮ್ಮವ್ವಂದು. ಇದನ್ನ ಯಾರೂ ಮುಟ್ಬೇಡಿ."

ಆಮೇಲೆ ಎಲ್ಲರೂ ನೆಲದ ಮೇಲೆ ಕೂತರು. ಸರಳುಗಳ ಸಂದಿಯಿಂದ ಕೈ ಹಾಕಿ, ಕೌದಿಯ ಕೆಳಗಿನ ಮೂಲೆಗಳನ್ನು ಬೆರಳಲ್ಲಿ ಹಿಸುಕಿ, ಗಂಟು ಸಿಕ್ಕ ಮೂಲೆಯನ್ನು ಅಂಗೈಯಷ್ಟು ಒಳಗೆ ಎಳೆದುಕೊಂಡು ನಾಲ್ಕು ಹೊಲಿಗೆ ಬಿಚ್ಚುವುದು. ಕಾಳನ್ನು ಸ್ಟೀಲ್ ಡಬ್ಬಿಗೆ ಹಾಕುವುದು. ಮೂಲೆಯನ್ನು ಮತ್ತೆ ಮುಚ್ಚಿ ಹೊಲಿಯುವುದು. ಅಷ್ಟೂ ವರ್ಷ ಮಾಸಿದ ಮೇಲೆ ಎಲ್ಲ ಮೂಲೆಗಳೂ ಒಂದೇ ಬೂದುಬಣ್ಣ. ಅಜ್ಜಿ ಪ್ರತಿ ಸಲ ಬಿಚ್ಚುವ ಮೊದಲು ಆ ಮೂಲೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಬಿನ್ನಿಪೇಟೆಯವರಲ್ಲಿ ಒಬ್ಬರು, "ಇದಕ್ಕೆ ನಾವು ನಮಸ್ಕಾರ ಮಾಡ್ತಿದೀವಿ, ಇಲಿಗಳು ಹಾಗೇ ತಿಂದು ಹೋದ್ವು," ಎಂದು ತಮಾಷೆ ಮಾಡಿದರು. ಅಜ್ಜಿಯೂ ನಕ್ಕಳು.

ಕಂಬದಿಂದ ಮೂರನೆಯದನ್ನು ಬಿಚ್ಚುವಾಗ ಅಜ್ಜಿಯ ಕೈ ನಿಂತಿತು. ಅಂಗೈಯಲ್ಲಿ ಕಪ್ಪಾದ ನಾಲ್ಕಾರು ಜೋಳದ ಕಾಳು, ಅರ್ಧ ಪುಡಿಯಾದವು. ಅವುಗಳ ಜೊತೆ ಎರಡು ಲವಂಗ.

ಅಜ್ಜಿ ಕೈಯನ್ನು ಮೂಗಿನ ಹತ್ತಿರ ತಂದಳು. "ಲವಂಗ ಹಾಕ್ತಿದ್ದೋಳು ನಮ್ಮವ್ವ ಒಬ್ಳೇ," ಎಂದಳು. ಯಾರಿಗೋ ವಿಷಯ ತಿಳಿಸುವಂತೆ ಸಾಧಾರಣವಾಗಿಯೇ ಹೇಳಿದಳು. "ಹುಳ ಹಿಡೀಬಾರ್ದು ಅಂತ. ಅದಕ್ಕೇ ಇಲಿ ಮುಟ್ಟಿರ್ಲಿಲ್ಲ."

ನಾನು ಎದ್ದು ಕಂಬದ ಬಳಿ ಹೋಗಿ, ಸರಳಿನ ಸಂದಿಯಿಂದ ಆ ಕೌದಿಯ ಅಂಚನ್ನು ಮಡಚಿ ನೋಡಿದೆ. ನೀಲಿ ಚೌಕಗಳು. ನಮ್ಮದಾಗಿರಲಿಲ್ಲ. ಆಗ ಕಲಾವಿದೆ ಬಾಯಿಗೆ ಕೈ ಅಡ್ಡ ಹಿಡಿದರು. "ಅಯ್ಯೋ, ನಿನ್ನೆ ಸರಿಸಿದ್ವಿ ಅಜ್ಜಿ. ಎಲ್ಲಾ ಸರಿಸಿದ್ವಿ." ಅವರು ಅಜ್ಜಿಯ ಪಕ್ಕ ಕುಕ್ಕರಿಸಿದರು. "ಅದೇ ಕಾಳು ವಾಪಸ್ ಹಾಕಿಬಿಡೋಣ. ಒಂದೂ ಬಿದ್ದಿಲ್ಲ. ನೀವೇ ಹಾಕಿ, ನೀವು ಅವರ ಮಗಳಲ್ವಾ?"

"ಮಗಳು. ಹೊಲಿದೋಳಲ್ಲ."

ಅಷ್ಟು ಹೇಳಿ ಅಜ್ಜಿ ಕಾಳನ್ನೂ ಲವಂಗವನ್ನೂ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಖಾಲಿ ಮೂಲೆಯನ್ನು ಹೊಲಿದಳು. ಉಳಿದ ಕೌದಿಗಳನ್ನೂ ಬಿಟ್ಟು ಬರಲಿಲ್ಲ. ಮಧ್ಯಾಹ್ನದವರೆಗೂ ಕೂತು ಬಿಚ್ಚಿದಳು.

ಪ್ರದರ್ಶನ ಉಳಿಯಿತು. ಆಮೇಲೆ ಇನ್ನೂ ಹೆಚ್ಚು ಜನ ಬಂದರು. ಜಯನಗರದಿಂದ, ರಾಜಾಜಿನಗರದಿಂದ ಕಾರು ಮಾಡಿಕೊಂಡು ಬಂದವರೂ ಇದ್ದರು. ಅಜ್ಜಿ ಸಂಜೆ ಸೊಪ್ಪು ತರಲು ಹೋಗುವುದನ್ನು ನಿಲ್ಲಿಸಿದ್ದಳು. ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಕಲಾವಿದೆ ತಾವೇ ಕೌದಿಯನ್ನು ಒಗೆಸಿ, ಒಣಗಿಸಿ, ಮಲ್ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಹೇಳಿದ ಮಾತಿಗೆ ಸರಿಯಾಗಿ ನಡೆದುಕೊಂಡರು. ತೆಗಳಲು ನನಗೆ ಏನೂ ಸಿಗಲಿಲ್ಲ.

ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ದಿನ ಅಮ್ಮ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಬಾಣಂತಿ ಕೋಣೆಯಲ್ಲಿ ಹಾಸಿದ್ದದ್ದು ಒಂದು ಪುಟ್ಟ ಹೊಸ ಕೌದಿ. ಅಜ್ಜಿ ಆಗಸ್ಟ್ ಪೂರ್ತಿ ಕೂತು, ನನ್ನಿಂದ ಸೂಜಿಗೆ ದಾರ ಪೋಣಿಸಿಕೊಂಡು, ತನ್ನ ಮದುವೆಯ ಸೀರೆಯನ್ನೇ ಕತ್ತರಿಸಿ ಹೊಲಿದದ್ದು.

ಇದು ಹಳೆಯದರ ಜೊತೆಗೆಂದೇ ಅಕ್ಕ ತಿಳಿದುಕೊಂಡಿದ್ದಳು. ಬಾಗಿಲಲ್ಲೇ ನಿಂತಳು. "ಅದೆಲ್ಲಿ?"

"ಅದು ಬೇಡ ಕಣೇ. ಹೊಟ್ಟೆ ಖಾಲಿ ಇದೆ ಅದರದ್ದು. ಹಸುಗೂಸನ್ನ ಅದರ ಮೇಲೆ ಮಲಗಿಸಬಾರ್ದು."

"ಇದನ್ನೆಲ್ಲ ನಾನು ನಂಬಲ್ಲ ಅಜ್ಜಿ."

"ನಂಬ್ದೇ ಇದ್ರೆ ಅದೇ ಯಾಕೆ ಬೇಕು? ಇದೂ ಬಟ್ಟೆ, ಅದೂ ಬಟ್ಟೆ."

"ಎಲ್ಲರೂ ಅದರ ಮೇಲೆ ಮಲಗಿದ್ರು. ಇವಳೂ ಮಲಗಿದ್ದಾಳೆ," ಅಕ್ಕ ನನ್ನ ಕಡೆ ಬೆರಳು ತೋರಿಸಿದಳು. "ನನ್ನ ಮಗಳೊಬ್ಬಳಿಗೆ ಇಲ್ಲ. ಯಾಕೆ? ನೀನು ಯಾರ್ಯಾರಿಗೋ ತೋರಿಸ್ಬೇಕಿತ್ತು ಅಂತ."

ಅಮ್ಮ, "ಬಾಣಂತಿ ನೀನು, ನಿಂತ್ಕೋಬೇಡ," ಎಂದಳು. ಅಕ್ಕ ಹೊಸ ಕೌದಿಯನ್ನು ಮಡಚಿ ಪಕ್ಕಕ್ಕಿಟ್ಟು, ಆಸ್ಪತ್ರೆಗೆ ಒಯ್ದಿದ್ದ ಟರ್ಕಿ ಟವೆಲನ್ನೇ ಹಾಸಿ ಮಗುವನ್ನು ಮಲಗಿಸಿದಳು.

ಆಮೇಲೆ ಮೂರು ತಿಂಗಳು ಇಬ್ಬರೂ ಒಂದೇ ಮನೆಯಲ್ಲಿ ಚೆನ್ನಾಗಿಯೇ ಇದ್ದರು. ಅಜ್ಜಿ ಮಗುವಿಗೆ ನೀರು ಹಾಕಿದಳು, ಸಾಂಬ್ರಾಣಿ ಹೊಗೆ ಹಿಡಿದಳು, ಅಕ್ಕನಿಗೆ ಮೆಣಸಿನ ಸಾರು ಮಾಡಿದಳು. ಅಕ್ಕ ಬೇಕಾದದ್ದನ್ನು ಕೇಳಿ ಪಡೆದಳು. ನಾನು ಒಂದೆರಡು ಸಲ ಮಗುವನ್ನು ಹೊಸ ಕೌದಿಯ ಮೇಲೆ ಮಲಗಿಸಿ ನೋಡಿದೆ. ಅಕ್ಕ ಬಂದು ಎತ್ತಿಕೊಂಡಳು. ಅಜ್ಜಿಯನ್ನೂ ಕೇಳಿದೆ, ಒಂದು ಸಲ ಹಳೆಯದನ್ನೇ ಹಾಸಿಬಿಡಬಾರದೇ ಎಂದು. "ನನ್ನ ಕಣ್ಣೆದುರಿಗೆ ಬೇಡ," ಎಂದಳು. ಯಾರ ಪರ ವಹಿಸಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಮನೆಯಲ್ಲಿ ಎರಡು ಕೌದಿಗಳಿದ್ದವು, ಮಗು ಟವೆಲಿನ ಮೇಲೆ ಮಲಗಿತು.

ಡಿಸೆಂಬರ್ ಕೊನೆಗೆ ಭಾವ ಕಾರು ತಂದರು. ಅಜ್ಜಿ ಹೊಸ ಕೌದಿಯನ್ನು ಮಡಚಿ, ಮಗುವಿನ ಬಟ್ಟೆಗಳ ಬ್ಯಾಗಿನ ಮೇಲಿಟ್ಟಳು. ಅಕ್ಕ ಅದನ್ನು ತೆಗೆದು, ಅಜ್ಜಿಯ ಕೈಗೆ ವಾಪಸ್ ಕೊಟ್ಟಳು. ಒರಟಾಗಿ ಏನೂ ಕೊಡಲಿಲ್ಲ. "ಚಳಿ ಇದೆ, ನೀನೇ ಕಾಲ ಮೇಲೆ ಹಾಕ್ಕೋ ಅಜ್ಜಿ," ಎಂದಳು, ಬಗ್ಗಿ ನಮಸ್ಕಾರ ಮಾಡಿದಳು.

"ಮಗುದು ಅಳತೆ ಕಣೇ ಇದು," ಎಂದಳು ಅಜ್ಜಿ. "ನನ್ನ ಕಾಲಿಗೆ ಸಾಲಲ್ಲ."

ಅಕ್ಕ ಅಷ್ಟರಲ್ಲಿ ಕಾರಿನಲ್ಲಿ ಕೂತಿದ್ದಳು. ಗಾಜು ಏರಿಸಿದ್ದರಿಂದ ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.